ಒಂದು ಚರಣದಷ್ಟು ಓಟ

ಮೊನ್ನೆ ಭಾನುವಾರ ನಾನು ಸೀರೆಯುಟ್ಟು, ಕಾಲಿಗೆ ನೀಲಿ ಬಣ್ಣದ ಓಟದ ಬೂಟು ಹಾಕಿಕೊಂಡು ದೇವಾಲಯದ ಆರಾಧನೆಗೆ ಹೋಗಿದ್ದೆ. ಕಾಲು ಊದಿಕೊಂಡು ಚಪ್ಪಲಿ ಹಿಡಿಸುತ್ತಿರಲಿಲ್ಲ. ಪಕ್ಕದಲ್ಲಿ ಕೂತವರು ಒಮ್ಮೆ ನನ್ನ ಕಾಲು ನೋಡಿದರು, ಒಮ್ಮೆ ಮುಖ ನೋಡಿದರು. ನನ್ನ ಆಚೆ ಕೂತಿದ್ದ ಹತ್ತು ವರ್ಷದ ಮೊಮ್ಮಗನಿಗೆ ನಗು ತಡೆಯಲಾಗುತ್ತಿರಲಿಲ್ಲ. ಆ ಬೂಟಿನ ಕಥೆಯನ್ನೇ ಈ ವಾರ ಹೇಳುತ್ತೇನೆ.

ಡಿಸೆಂಬರ್‌ನಲ್ಲಿ ಅವನ ಶಾಲೆಯ ಕ್ರೀಡಾದಿನ. ಇನ್ನೂರು ಮೀಟರ್ ಓಟದ ತಿರುವಿನಲ್ಲಿ ಪುಟ್ಟ ಮುಗ್ಗರಿಸಿ ಬಿದ್ದ. ಮಂಡಿ ತರಚಿತು. ಅದಕ್ಕಿಂತ ಹೆಚ್ಚಾಗಿ, ಸುತ್ತ ನಿಂತಿದ್ದವರು ನಕ್ಕರು. ಅವನು ಎದ್ದು ಓಟ ಮುಗಿಸಲಿಲ್ಲ, ಪಕ್ಕಕ್ಕೆ ನಡೆದುಬಿಟ್ಟ. ಮನೆಗೆ ಬಂದವನೇ ಬೂಟನ್ನು ಮಂಚದ ಕೆಳಗೆ ತಳ್ಳಿ, "ಇನ್ನು ನಾನು ಓಡಲ್ಲ" ಅಂದ.

ಮೂವತ್ತೆರಡು ವರ್ಷ ಟೀಚರ್ ಆಗಿದ್ದವಳು ಸುಮ್ಮನಿರುತ್ತೇನೆಯೇ? ಸಂಡೇ ಸ್ಕೂಲಿನಲ್ಲಿ ಎಷ್ಟೋ ಸಲ ಹೇಳಿದ ಎರಿಕ್ ಲಿಡೆಲ್ ಕಥೆಯನ್ನು ತೆಗೆದೆ. ಲಿಡೆಲ್ ಸ್ಕಾಟ್ಲೆಂಡಿನ ಓಟಗಾರ. 1923ರಲ್ಲಿ ಇಂಗ್ಲೆಂಡಿನ ಸ್ಟೋಕ್ ಊರಿನಲ್ಲಿ 440 ಗಜದ ಓಟ. ಶುರುವಿನಲ್ಲೇ ಪಕ್ಕದವರು ತಗುಲಿ ಅವನು ಬಿದ್ದುಬಿಟ್ಟ. ಎದ್ದು ನಿಲ್ಲುವಷ್ಟರಲ್ಲಿ ಉಳಿದವರು ಸುಮಾರು ಇಪ್ಪತ್ತು ಗಜ ಮುಂದೆ. ಆದರೂ ಓಡಿ, ಎಲ್ಲರನ್ನೂ ದಾಟಿ ಗೆದ್ದ. ಕಥೆ ಮುಗಿಸಿ, "ನೋಡಿದೆಯಾ ಪುಟ್ಟ?" ಅಂದೆ.

ಅವನು ಸ್ವಲ್ಪ ಹೊತ್ತು ಯೋಚಿಸಿದ. "ಅವನು ಬಿದ್ದೂ ಗೆದ್ದ ಅಜ್ಜಿ. ನಾನು ಎದ್ದು ಓಡಿದ್ರೂ ಕೊನೆಯವನೇ ಆಗ್ತಿದ್ದೆ. ಕೊನೆಯವರಾಗಿ ಬಂದವರ ಕಥೆ ಯಾಕೆ ಯಾರೂ ಹೇಳಲ್ಲ?" ಆಮೇಲೆ, "ನೀನು ಯಾವತ್ತಾದ್ರೂ ಓಡಿದ್ದೀಯಾ?" ಎಂದು ಕೇಳಿದ.

ನಾನು ಓಡಿರಲಿಲ್ಲ. ಮೈದಾನದ ಅಂಚಿನಲ್ಲಿ ಕೊಡೆ ಹಿಡಿದು, ಕೈಗಡಿಯಾರ ನೋಡುತ್ತಾ, "ಓಡಿ, ಓಡಿ" ಎಂದು ಕೂಗಿದ್ದೆ ಅಷ್ಟೇ. ಎರಡು ವರ್ಷದ ಹಿಂದೆ ಅವನ ತಾತ ತೀರಿಕೊಂಡ ಮೇಲಂತೂ, ನಾವಿಬ್ಬರೂ ದಿನಾ ಹೋಗುತ್ತಿದ್ದ ಸಂಜೆಯ ನಡಿಗೆಯೂ ನಿಂತುಹೋಗಿತ್ತು. ಅರವತ್ತಮೂರು ವರ್ಷ, ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ನಿಂತ ದೇಹ, ಮಂಡಿನೋವು ಬೇರೆ. ಆದರೆ ಹುಡುಗ ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ. "ನಾನೂ ಓಡಲು ಕಲಿತರೆ ನೀನು ಜೊತೆಗೆ ಬರುತ್ತೀಯಾ?" ಅಂದೆ. ಬಾಯಿಂದ ಬಂದುಬಿಟ್ಟಿತು. ಮಾತು ಕೊಟ್ಟಾಯಿತು.

ಮೊದಲು ಡಾಕ್ಟರ ಹತ್ತಿರ ಹೋದೆ. ಅಜ್ಜ-ಅಜ್ಜಿಯರೇ, ಇದನ್ನು ಮಾತ್ರ ಬಿಡಬೇಡಿ. ಬಿ.ಪಿ., ಸಕ್ಕರೆ, ಹೃದಯ ಎಲ್ಲವನ್ನೂ ನೋಡಿ ಅವರು, "ಓಡಿ, ಅವಸರ ಮಾತ್ರ ಬೇಡ" ಎಂದರು. ಮಗಳು ಒಂದು ಪಟ್ಟಿ ಹುಡುಕಿ ಕೊಟ್ಟಳು. ಅಮೆರಿಕದ ಜೋಶ್ ಕ್ಲಾರ್ಕ್ ಎಂಬ ಯುವಕ, ಐವತ್ತು ದಾಟಿದ ತನ್ನ ತಾಯಿಗೂ ಆಗುವಂತೆ 1996ರಲ್ಲಿ ಮಾಡಿದ ಪಟ್ಟಿಯಂತೆ. ಅದರ ಹೆಸರು 'ಕೌಚ್ ಟು 5ಕೆ', ಅಂದರೆ ಸೋಫಾದಿಂದ ಎದ್ದು ಐದು ಕಿಲೋಮೀಟರಿಗೆ. ಹೆಸರು ಕೇಳಿ ನನಗಾಗಿಯೇ ಬರೆದದ್ದು ಅನ್ನಿಸಿತು. ಒಂಬತ್ತು ವಾರ, ವಾರಕ್ಕೆ ಮೂರೇ ದಿನ. ಮೊದಲ ವಾರ ಐದು ನಿಮಿಷ ಚುರುಕಾಗಿ ನಡೆಯಬೇಕು. ಆಮೇಲೆ 60 ಸೆಕೆಂಡು ಓಟ, 90 ಸೆಕೆಂಡು ನಡಿಗೆ, ಮತ್ತೆ 60 ಸೆಕೆಂಡು ಓಟ. ಹೀಗೆ ಇಪ್ಪತ್ತು ನಿಮಿಷ. ವಾರ ಕಳೆದಂತೆ ಓಟ ಹೆಚ್ಚುತ್ತದೆ, ನಡಿಗೆ ಕಡಿಮೆಯಾಗುತ್ತದೆ.

ಮೈಸೂರಿನಲ್ಲಿ ನಮಗೆ ಕುಕ್ಕರಹಳ್ಳಿ ಕೆರೆ ಇದೆ. ಕುವೆಂಪು ಅವರು ನಡೆದಾಡಿದ ಏರಿ. ಒಂದು ಸುತ್ತು ಬಂದರೆ ಸುಮಾರು ಐದು ಕಿಲೋಮೀಟರ್. ಜನವರಿಯ ಒಂದು ಬೆಳಿಗ್ಗೆ ಅಲ್ಲಿ ಇಬ್ಬರೂ ನಿಂತೆವು. ಮೊಬೈಲ್ ಹಿಡಿದು ಓಡಲು ನನಗೆ ಬರಲಿಲ್ಲ. ಅದಕ್ಕೆ ನಮ್ಮ ಹಳೆಯ ಕೀರ್ತನೆಯೊಂದರ ಚರಣವನ್ನು ಮನಸ್ಸಿನಲ್ಲೇ ನಿಧಾನವಾಗಿ ಹಾಡಿಕೊಂಡೆ. ಒಂದು ಚರಣ ಮುಗಿಯುವಷ್ಟರಲ್ಲಿ ಹೆಚ್ಚುಕಡಿಮೆ ಒಂದು ನಿಮಿಷ ಆಗುತ್ತಿತ್ತು. ಪುಟ್ಟ ಕೊಕ್ಕರೆ, ಹೆಜ್ಜಾರ್ಲೆ ಎಣಿಸುತ್ತಾ ಓಡಿದ. ಮೊದಲ ಚರಣ ಮುಗಿಯುವ ಹೊತ್ತಿಗೆ ನನ್ನ ಎದೆ ಬಡಿತ ನನ್ನ ಕಿವಿಗೇ ಕೇಳಿಸುತ್ತಿತ್ತು. ನಮ್ಮ ಪಕ್ಕದಲ್ಲಿ ಬಿರುಸಾಗಿ ನಡೆಯುತ್ತಿದ್ದ ಒಬ್ಬರು ನಮ್ಮನ್ನು ಆರಾಮವಾಗಿ ದಾಟಿ ಹೋದರು! "ಅಜ್ಜಿ, ಮಾತಾಡ್ತಾ ಓಡಕ್ಕಾಗಬೇಕು, ಆಗ್ಲಿಲ್ಲ ಅಂದ್ರೆ ಜಾಸ್ತಿ ಜೋರು ಅಂತ ಅಮ್ಮ ಹೇಳಿದಾಳೆ" ಎಂದ ಪುಟ್ಟ. ನಾನು ಉತ್ತರ ಕೊಡಲಿಲ್ಲ. ಕೊಡಲು ಉಸಿರಿರಲಿಲ್ಲ. ಇನ್ನೂ ನಿಧಾನ ಮಾಡಿದೆ.

ಈಗ ನಿಜ ಹೇಳುತ್ತೇನೆ. ಬೆಳಿಗ್ಗೆ ಏಳುವಾಗ ಓಡುವ ಹುರುಪು ಒಂದು ದಿನವೂ ಇರಲಿಲ್ಲ. "ಸ್ವಾಮೀ, ಕಾಲಿಗೆ ಬಲ ಕೊಡು" ಎಂದು ಪ್ರಾರ್ಥಿಸುತ್ತಿದ್ದೆ. ಕಾಲು ಹಗುರವಾಗಲಿಲ್ಲ. ಐದನೆಯ ವಾರ ಮಂಡಿ ಊದಿ ಹತ್ತು ದಿನ ಮನೆಯಲ್ಲೇ ಕೂತೆ. ನೋವು ಕಡಿಮೆಯಾದ ಮೇಲೂ ಏಳಲಿಲ್ಲ. ತಾತನಿಲ್ಲದ ಕೆರೆ ಏರಿ ಯಾರಿಗೆ ಬೇಕು ಅನ್ನಿಸುತ್ತಿತ್ತು.

ಒಂದು ಬೆಳಗಿನ ಜಾವ ಎಂದಿನಂತೆ ಸತ್ಯವೇದ ತೆರೆದು ಕೂತಿದ್ದೆ. ಆಗ ಹೊಳೆಯಿತು. ಐವತ್ತು ವರ್ಷದಿಂದ ಹೀಗೆ ಕೂರುತ್ತಿದ್ದೇನೆ. ಎಲ್ಲ ದಿನವೂ ಮನಸ್ಸಿತ್ತೇ? ತಾತ ಹೋದ ಆ ತಿಂಗಳುಗಳಲ್ಲಿ ಒಂದು ದಿನವೂ ಇರಲಿಲ್ಲ. ಆದರೂ ಕೂತೆ. ಕೂತ ಮೇಲೆ ಕೆಲವು ದಿನ ಮನಸ್ಸು ಬಂತು, ಕೆಲವು ದಿನ ಬರಲಿಲ್ಲ. ನಂಬಿಕೆ ನನಗೆ ಕಲಿಸಿದ್ದೇ ಇದನ್ನು. ಮನಸ್ಸು ಬರಲಿ ಎಂದು ಕಾಯಬಾರದು, ಹೊತ್ತಿಗೆ ಸರಿಯಾಗಿ ಹೋಗಿ ಕೂರಬೇಕು. ಪ್ರಾರ್ಥನೆಗೆ ಗೊತ್ತಿದ್ದ ಈ ಮಾತನ್ನು ಕಾಲಿಗೆ ಹೇಳಿಕೊಟ್ಟಿರಲಿಲ್ಲ. ಅಂದಿನಿಂದ ಬೂಟನ್ನು ಸತ್ಯವೇದ ಇಡುವ ಮೇಜಿನ ಕೆಳಗೇ ಇಟ್ಟೆ. ಆಮೆನ್ ಅಂದ ಕೂಡಲೇ ಲೇಸು ಕಟ್ಟುವುದು. ನಿಮ್ಮ ಮನೆಯಲ್ಲಿ ಅದು ದೇವರ ದೀಪವಿರಬಹುದು, ನಮಾಜು ಇರಬಹುದು. ದಿನಾ ತಪ್ಪದೆ ಮಾಡುವ ಒಂದು ಕೆಲಸದ ಬಾಲಕ್ಕೆ ಹೊಸ ಕೆಲಸವನ್ನು ಕಟ್ಟಿ ನೋಡಿ.

ಪೌಲನೂ ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯಲ್ಲಿ ಓಟಗಾರರ ಮಾತು ಎತ್ತುತ್ತಾನೆ. ಆ ಊರಿನ ಜನಕ್ಕೆ ಅದು ಚೆನ್ನಾಗಿ ಗೊತ್ತಿದ್ದ ವಿಷಯ. ಕೊರಿಂಥದ ಹತ್ತಿರವೇ ಇಸ್ತ್ಮಿಯಾ ಎಂಬಲ್ಲಿ ಎರಡು ವರ್ಷಕ್ಕೊಮ್ಮೆ ದೊಡ್ಡ ಕ್ರೀಡಾಕೂಟ ನಡೆಯುತ್ತಿತ್ತು. ಗೆದ್ದವನ ತಲೆಗೆ ಎಲೆಗಳ ಕಿರೀಟ. ಅದು ನಾಲ್ಕು ದಿನಕ್ಕೆ ಬಾಡುತ್ತದೆ. ಬಾಡದ ಕಿರೀಟಕ್ಕಾಗಿ ಓಡಿ ಎಂಬುದು ಪೌಲನ ಮಾತಿನ ಸಾರ. "ಹಾಗಾದ್ರೆ ಅದು ಮೊದಲು ಬಂದವನಿಗೆ ಮಾತ್ರಾನಾ?" ಎಂದ ಪುಟ್ಟ. ಅಲ್ಲ, ಓಡಿ ಮುಗಿಸಿದ ಎಲ್ಲರಿಗೂ ಎಂದೆ. ಅವನ ಮುಖ ಸ್ವಲ್ಪ ಅರಳಿತು.

ಒಂಬತ್ತು ವಾರದ ಪಟ್ಟಿ ನಮಗೆ ಹದಿಮೂರು ವಾರ ಹಿಡಿಯಿತು. ಆ ಹೊತ್ತಿಗೆ ಊರಿನಲ್ಲಿ ಐದು ಕಿಲೋಮೀಟರ್ ಓಟವೊಂದರ ಪ್ರಕಟಣೆ ಬಂತು. ಪುಟ್ಟನೇ ಬಂದು, "ಹೋಗೋಣ ಅಜ್ಜಿ" ಅಂದ. ನನ್ನ ಕಣ್ಣು ತುಂಬಿತು. ಆದರೆ ತಾರೀಕು ನೋಡಿದರೆ ಭಾನುವಾರ!

"ಭಾನುವಾರ ಆಗಲ್ಲ ಪುಟ್ಟ. ಲಿಡೆಲ್ ಕೂಡ ಓಡಲಿಲ್ಲ" ಅಂದೆ. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನೂರು ಮೀಟರಿನ ಮೊದಲ ಸುತ್ತು ಭಾನುವಾರ ಬಂದದ್ದರಿಂದ, ತನ್ನ ಅಚ್ಚುಮೆಚ್ಚಿನ ಆ ಓಟವನ್ನೇ ಅವನು ಬಿಟ್ಟುಕೊಟ್ಟ. ಬದಲಿಗೆ 400 ಮೀಟರ್ ಓಡಿ, 47.6 ಸೆಕೆಂಡಿನಲ್ಲಿ ಚಿನ್ನ ಗೆದ್ದ. ಪುಟ್ಟ ಮಾತಾಡದೆ ಒಳಗೆ ಹೋದ.

ಅಂದು ರಾತ್ರಿ ನಿದ್ದೆ ಬರಲಿಲ್ಲ. ಏಕೆಂದರೆ ಲಿಡೆಲ್ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ನಾನು ಅವನಿಗೆ ಅರ್ಧ ಮಾತ್ರ ಹೇಳಿದ್ದೆ. ಒಲಿಂಪಿಕ್ಸ್ ಮುಗಿದ ಮರುವರ್ಷ ಲಿಡೆಲ್ ತಾನು ಹುಟ್ಟಿದ ಚೀನಾಕ್ಕೆ ಮಿಷನರಿ ಶಿಕ್ಷಕನಾಗಿ ಹೋದ. ಯುದ್ಧಕಾಲದಲ್ಲಿ, 1943ರಲ್ಲಿ, ಜಪಾನಿ ಸೈನ್ಯ ಅವನನ್ನೂ ಇತರ ವಿದೇಶಿಯರನ್ನೂ ವೇಹ್ಸಿಯನ್ ಎಂಬ ಶಿಬಿರದಲ್ಲಿ ಕೂಡಿಹಾಕಿತು. ಅಲ್ಲಿ ಅಪ್ಪ-ಅಮ್ಮನಿಂದ ದೂರವಾದ ಎಷ್ಟೋ ಮಕ್ಕಳಿದ್ದರು. ಅವರಿಗೆ ಅವನು ಎರಿಕ್ ಮಾಮ. ಪಾಠ ಹೇಳಿದ, ಆಟ ಆಡಿಸಿದ. ಭಾನುವಾರ ಮಾತ್ರ ಆಟವಿಲ್ಲ. ಒಂದು ಭಾನುವಾರ ಹುಡುಗರು ತಾವೇ ಹಾಕಿ ಆಡಲು ಹೋಗಿ, ತೀರ್ಪುಗಾರನಿಲ್ಲದೆ ಜಗಳವಾಯಿತು. ಮುಂದಿನ ಭಾನುವಾರ ಆಟಕ್ಕೆ ತೀರ್ಪುಗಾರ ಬಂದು ನಿಂತಿದ್ದ. ಅವನು ಎರಿಕ್ ಲಿಡೆಲ್. ಒಲಿಂಪಿಕ್ಸ್‌ಗಾಗಿ ಮುರಿಯದ ನಿಯಮವನ್ನು ಆ ಮಕ್ಕಳಿಗಾಗಿ ಸಡಿಲಿಸಿದ. 1945ರ ಫೆಬ್ರವರಿಯಲ್ಲಿ, ಬಿಡುಗಡೆಗೆ ಕೆಲವೇ ತಿಂಗಳಿರುವಾಗ, ಮೆದುಳಿನ ಗೆಡ್ಡೆಯಿಂದ ಅಲ್ಲೇ ತೀರಿಕೊಂಡ. ಆಗ ಅವನಿಗೆ 43 ವರ್ಷ.

ಬೆಳಿಗ್ಗೆ ಎದ್ದು ಪುಟ್ಟನಿಗೆ ಉಳಿದರ್ಧವನ್ನೂ ಹೇಳಿದೆ. ಸಭಾಪಾಲಕರನ್ನೂ ಕೇಳಿದೆ. "ಓಟ ಆರು ಗಂಟೆಗೆ, ಆರಾಧನೆ ಒಂಬತ್ತಕ್ಕೆ. ಯಾತಕ್ಕೆ ಓಡುತ್ತಿದ್ದೀರಿ ಅನ್ನುವುದು ನಿಮಗೆ ಗೊತ್ತಿದೆಯಲ್ಲಮ್ಮಾ" ಎಂದು ನಕ್ಕರು. ಇದನ್ನು ಒಪ್ಪದವರೂ ನಮ್ಮಲ್ಲಿದ್ದಾರೆ. ಅವರ ಮೇಲೆ ನನಗೆ ಬೇಸರವಿಲ್ಲ. ನಾನು ಹೋದೆ.

ಪುಟ್ಟನಿಗೆ ಮೊದಲೇ ಹೇಳಿದ್ದೆ, ನಿನ್ನ ವೇಗಕ್ಕೆ ನೀನು ಹೋಗು ಎಂದು. ಅವನು ಮುಂದೆ ಹೋದ. ನಾನು ಚರಣದ ಮೇಲೆ ಚರಣ ಹಾಡಿಕೊಂಡು ಓಡಿದೆ. ಕೊನೆಯ ಅರ್ಧ ಕಿಲೋಮೀಟರಿನಲ್ಲಿ ಕಾಲು ಸೀಸದಂತಾಗಿತ್ತು. ಸುತ್ತ ಯಾರೂ ಇರಲಿಲ್ಲ. ದಾರಿಯ ಬದಿಯ ಫಲಕಗಳನ್ನು ಆಗಲೇ ಬಿಚ್ಚುತ್ತಿದ್ದರು. ಆಗ ಎದುರಿನಿಂದ ಒಬ್ಬ ಹುಡುಗ ಹಿಂದಕ್ಕೆ ಓಡಿ ಬರುವುದು ಕಾಣಿಸಿತು. ಗೆರೆ ದಾಟುವ ಮೊದಲೇ ತಿರುಗಿ ಬಂದಿದ್ದ.

"ಯಾಕೋ ಬಂದೆ? ಕೊನೆಯವನಾಗಿಬಿಟ್ಟೆಯಲ್ಲೋ!" ಅಂದೆ ಏದುಸಿರಿನಲ್ಲಿ.

"ಕೊನೆಯವಳು ನೀನು ಅಜ್ಜಿ. ನಾನು ನಿನಗಿಂತ ಒಂದು ಹೆಜ್ಜೆ ಮುಂದೆ" ಅಂದ.

ಹಾಗೇ ದಾಟಿದೆವು. ಗಡಿಯಾರ 47 ನಿಮಿಷ ತೋರಿಸುತ್ತಿತ್ತು. "ಲಿಡೆಲ್‌ಗೆ 47 ಸೆಕೆಂಡು, ನಮಗೆ 47 ನಿಮಿಷ. ಸಂಖ್ಯೆ ಒಂದೇ!" ಎಂದು ಅವನು ಕುಣಿದ. ಮನೆಗೆ ಬಂದು ಸ್ನಾನ ಮಾಡಿ ದೇವಾಲಯಕ್ಕೆ ಹೋದೆವು. ಬೂಟಿನ ವಿಷಯ ಆಗಲೇ ಹೇಳಿದೆ.

ಮಕ್ಕಳೇ, ಕೊನೆಯವರಾಗಿ ಬಂದವರ ಕಥೆ ಯಾರೂ ಹೇಳುವುದಿಲ್ಲ ಎಂದಿದ್ದ ನಮ್ಮ ಪುಟ್ಟ. ಅದಕ್ಕೇ ಇದನ್ನು ಬರೆದೆ. ನಾಳೆ ಬೆಳಿಗ್ಗೆ ನಿಮ್ಮ ಅಜ್ಜನನ್ನೋ ಅಜ್ಜಿಯನ್ನೋ ಎಬ್ಬಿಸಿ ಕರೆದುಕೊಂಡು ಹೋಗಿ. ಮೊದಲ ದಿನ ನಡೆದರೆ ಸಾಕು. ಡಾಕ್ಟರು ಸರಿ ಅಂದಮೇಲೆ, ಒಂದು ಚರಣದಷ್ಟು ಓಡಿ.