ಶಬ್ದಕ್ಕೆ ಹಾವಿನ ಚಿತ್ರ ಯಾಕೆ?

ಕಳೆದ ಪರೀಕ್ಷೆಯ ಒಂಬತ್ತನೇ ತರಗತಿಯ ಉತ್ತರಪತ್ರಿಕೆ ತಿದ್ದುತ್ತಾ ಕೂತಿದ್ದೆ. ಶಬ್ದ ಗಾಳಿಯಲ್ಲಿ ಹೇಗೆ ಸಾಗುತ್ತದೆ ಎಂಬ ಪ್ರಶ್ನೆಗೆ ಹೆಚ್ಚಿನ ಮಕ್ಕಳು ಒಂದೇ ಚಿತ್ರ ಬಿಡಿಸಿದ್ದರು: ಒಂದು ಸ್ಪೀಕರ್, ಅದರ ಬಾಯಿಯಿಂದ ಹೊರಟ ಹಾವಿನಂಥ ಗೆರೆ, ಗೆರೆಯ ಕೊನೆಗೆ ಒಂದು ಕಿವಿ. ಒಬ್ಬಳು ಆ ಹಾವಿನ ಬೆನ್ನಿಗೆ ಮೇಲೆ ಕೆಳಗೆ ಬಾಣ ಹಾಕಿ ‘ಗಾಳಿಯ ಕಣಗಳು’ ಎಂದು ಹೆಸರನ್ನೂ ಬರೆದಿದ್ದಳು. ಅದೇ ಪುಟದ ಕೆಳಗೆ, ಅವಳದೇ ಅಕ್ಷರದಲ್ಲಿ, ‘ಶಬ್ದವು ನೀಳ ತರಂಗ, ಇದರಲ್ಲಿ ಕಣಗಳು ತರಂಗ ಸಾಗುವ ದಿಕ್ಕಿಗೆ ಸಮಾಂತರವಾಗಿ ಕಂಪಿಸುತ್ತವೆ’ ಎಂದಿತ್ತು. ಎರಡೂ ಒಂದಕ್ಕೊಂದು ವಿರುದ್ಧ ಅಂತ ಅವಳಿಗೆ ಅನ್ನಿಸಲೇ ಇಲ್ಲ. ಅನ್ನಿಸುವುದು ಹೇಗೆ? ಆ ಹಾವನ್ನು ಬೋರ್ಡಿನ ಮೇಲೆ ಬಿಡಿಸಿದ್ದು ನಾನೇ. ಎಂಟು ವರ್ಷದಿಂದ ಬಿಡಿಸುತ್ತಾ ಬಂದಿದ್ದೇನೆ, ಪೂರ್ಣ ಅಂಕವನ್ನೂ ಕೊಟ್ಟಿದ್ದೇನೆ.

ಆ ಗೆರೆ ಶಬ್ದದ ಚಿತ್ರ ಅಲ್ಲ. ಅದೊಂದು ಗ್ರಾಫ್. ಅಡ್ಡಗೆರೆ ದೂರ, ನೆಟ್ಟಗೆರೆ ಗಾಳಿಯ ಒತ್ತಡ. ಗೆರೆ ಏರಿದಲ್ಲಿ ಗಾಳಿ ಒತ್ತೊತ್ತಾಗಿದೆ, ಇಳಿದಲ್ಲಿ ತೆಳುವಾಗಿದೆ ಅಂತ ಅರ್ಥ. ಗಾಳಿ ಮಾತ್ರ ಎಲ್ಲೂ ಮೇಲಕ್ಕೆ ಹೋಗಿಲ್ಲ, ಕೆಳಗೆ ಬಂದಿಲ್ಲ. ಅಕ್ಷಗಳಿಗೆ ಹೆಸರು ಬರೆಯದೆ ನಾವು ಗ್ರಾಫನ್ನು ಚಿತ್ರ ಮಾಡಿಬಿಟ್ಟಿದ್ದೇವೆ. ಸಂಪೀಡನ, ವಿರಳನ ಅಂತ ಮಕ್ಕಳು ಬಾಯಿಪಾಠ ಹೇಳ್ತಾರೆ, ಕಣ್ಣಿನೊಳಗೆ ಮಾತ್ರ ಹಾವೇ ಓಡ್ತಾ ಇರ್ತದೆ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು: ಶಬ್ದದ ಪಾಠದ ಮೊದಲ ಎರಡು ಮೂರು ಪೀರಿಯಡಿನಲ್ಲಿ ಆ ಗೆರೆಯನ್ನು ಬೋರ್ಡಿಗೆ ಹಾಕಲೇಬಾರದು. ಅಡ್ಡ ತರಂಗ, ನೀಳ ತರಂಗದ ವ್ಯತ್ಯಾಸದ ಪಟ್ಟಿಯೂ ಆಮೇಲೆ ಬರಲಿ. ಚುಕ್ಕಿಗಳಿಂದ ಶುರು ಮಾಡೋಣ, ಒತ್ತೊತ್ತಾಗಿ, ಬಿಡಿಬಿಡಿಯಾಗಿ, ಮತ್ತೆ ಒತ್ತೊತ್ತಾಗಿ. ಅದಕ್ಕೂ ಮೊದಲು ಮಕ್ಕಳನ್ನೇ ಸಾಲಾಗಿ ನಿಲ್ಲಿಸಿ, ಹಿಂದಿನವನು ಮುಂದಿನವನ ಹೆಗಲನ್ನು ಮೆಲ್ಲ ತಳ್ಳಿ ತನ್ನ ಜಾಗಕ್ಕೆ ಬರಲಿ. ತಳ್ಳಿದ್ದು ಸಾಲಿನ ಕೊನೆ ಮುಟ್ಟುತ್ತದೆ, ಮಕ್ಕಳು ಇದ್ದಲ್ಲೇ ಇರ್ತಾರೆ. (ಮೆಲ್ಲ ಎಂದು ಮೂರು ಸಲ ಹೇಳಬೇಕು. ಇಲ್ಲದಿದ್ದರೆ ಕೊನೆಯವನು ಕಿಟಕಿಯ ಹೊರಗೆ.)

ಕಾಸರಗೋಡಿನ ಕರಾವಳಿಯ ನಮಗೆ ಇನ್ನೊಂದು ಕಷ್ಟ ಉಂಟು. ‘ತರಂಗ ಶಕ್ತಿಯನ್ನು ಒಯ್ಯುತ್ತದೆ, ವಸ್ತುವನ್ನಲ್ಲ’ ಅಂತ ನಾನು ಹೇಳಿದ ಕೂಡಲೇ, ಮೀನುಗಾರರ ಮನೆಯ ಹುಡುಗನೊಬ್ಬ ಎದ್ದು ನಿಂತ. “ಟೀಚರ್, ಹಾಗಾದ್ರೆ ತೆರೆ ನನ್ನ ಚಪ್ಪಲಿ ತಗೊಂಡು ಹೋದದ್ದು ಹೇಗೆ?” ತರಗತಿಯೆಲ್ಲ ನಕ್ಕಿತು. ನಾನು ‘ಅದು ಬೇರೆ’ ಅಂತ ಹೇಳಿ ಮುಂದೆ ಹೋದೆ. ಆ ಉತ್ತರಕ್ಕೆ ನನಗೆ ಇವತ್ತಿಗೂ ನಾಚಿಕೆ. ಅವನು ಕೇಳಿದ್ದು ಸರಿಯಾದ ಪ್ರಶ್ನೆ. ದಡದಿಂದ ದೂರ, ಆಳದ ನೀರಿನಲ್ಲಿ ತೇಲುವ ತೆಂಗಿನಕಾಯಿ ತೆರೆ ಬಂದಾಗ ಏರಿ ಸ್ವಲ್ಪ ಮುಂದಕ್ಕೆ, ಇಳಿದು ಸ್ವಲ್ಪ ಹಿಂದಕ್ಕೆ ಹೋಗಿ, ಹೆಚ್ಚುಕಡಿಮೆ ಇದ್ದಲ್ಲಿಗೇ ಬರುತ್ತದೆ. ದಡದ ಹತ್ತಿರ ಆಳ ಕಡಿಮೆಯಾಗಿ ತೆರೆ ಒಡೆಯುತ್ತದೆ. ಒಡೆದ ಮೇಲೆ ನೀರೇ ನುಗ್ಗಿ ಬರುತ್ತದೆ, ನೀರೇ ಹಿಂದಕ್ಕೆ ಎಳೆಯುತ್ತದೆ. ಚಪ್ಪಲಿ ಹೋದದ್ದು ಅಲ್ಲಿ. ದೋಣಿಗೆ ಹೋಗುವ ಅವನ ಅಪ್ಪನಿಗೆ ಎರಡೂ ಜಾಗದ ತೆರೆ ಗೊತ್ತು. ನಮ್ಮ ಪಾಠಕ್ಕೆ ಮಾತ್ರ ಒಂದೇ ಗೊತ್ತು.

ನಾವು ಮಾಡಿಸುವ ಕೆಲವು ಪ್ರಯೋಗಗಳನ್ನೂ ಮರುನೋಡಬೇಕು. ಬಾಟಲಿಯ ತಳ ಕತ್ತರಿಸಿ ಬಲೂನು ಬಿಗಿದು, ಬಾಯಿಯ ಎದುರು ಮೇಣದ ಬತ್ತಿ ಇಟ್ಟು ಬಲೂನಿಗೆ ತಟ್ಟಿದರೆ ಬತ್ತಿ ಆರುತ್ತದೆ. ‘ನೋಡಿ, ಶಬ್ದದ ಶಕ್ತಿ!’ ಅಂತೇವೆ. ಅಲ್ಲ, ಬತ್ತಿ ಆರಿಸಿದ್ದು ಬಾಟಲಿಯ ಬಾಯಿಂದ ಹೊರಟ ಗಾಳಿಯ ಸುಳಿ. ಸ್ವಲ್ಪ ದೂರ ಇಟ್ಟು ನೋಡಿ: ತಟ್ಟಿದ ಸದ್ದು ಕಿವಿಗೆ ಬಿದ್ದು ಒಂದು ಕ್ಷಣ ಕಳೆದ ಮೇಲೆ ಜ್ವಾಲೆ ಅಲುಗುತ್ತದೆ. ಶಬ್ದವೇ ಆಗಿದ್ದರೆ ಎರಡೂ ಒಟ್ಟಿಗೆ ಆಗಬೇಕಿತ್ತು. ಇದರ ಬದಲು ಸ್ಟೀಲ್ ಪಾತ್ರೆಯ ಬಾಯಿಗೆ ಪ್ಲಾಸ್ಟಿಕ್ ಹಾಳೆ ಬಿಗಿದು ನಾಲ್ಕು ಸಾಸಿವೆ ಹಾಕಿ, ಪಕ್ಕದಲ್ಲಿ ಚೆಂಡೆ ಬಾರಿಸಲಿ. ಯಕ್ಷಗಾನದ ಊರು ನಮ್ಮದು, ಚೆಂಡೆ ಇರುವ ಮನೆ ಹುಡುಕುವುದು ಕಷ್ಟವಿಲ್ಲ. ಮುಟ್ಟದೆಯೇ ಸಾಸಿವೆ ಕುಣಿಯುತ್ತದೆ.

ಈ ಸಲ ನಾವು ಕೆಲಸ ನಿಂತ ಒಂದು ಕೆಂಪುಕಲ್ಲಿನ ಕೋರೆಗೆ ಹೋದೆವು. ಕಡಿದ ಗೋಡೆಯಿಂದ ಟೇಪಿನಲ್ಲಿ 60 ಮೀಟರ್ ಅಳೆದು ನಿಂತು, ಎರಡು ಮರದ ತುಂಡು ಬಡಿದು, ಪ್ರತಿಧ್ವನಿ ಬರುವ ಗಳಿಗೆಗೇ ಮುಂದಿನ ಬಡಿತ ಬೀಳುವಂತೆ ತಾಳ ಹಿಡಿಯಬೇಕು. ಒಂದು ಬಡಿತದಿಂದ ಇನ್ನೊಂದಕ್ಕೆ ಶಬ್ದ 120 ಮೀಟರ್ ಹೋಗಿ ಬಂದಿರುತ್ತದೆ. ಮೊದಮೊದಲು ತಾಳ ತಪ್ಪಿತು, ಮೃದಂಗ ಕಲಿಯುವ ಹುಡುಗಿಯ ಕೈಗೆ ಕೊಟ್ಟ ಮೇಲೆ ಕೂತಿತು. ಇಪ್ಪತ್ತು ಬಡಿತಕ್ಕೆ 6.8 ಸೆಕೆಂಡು. ಲೆಕ್ಕ ಹಾಕಿದರೆ ಸೆಕೆಂಡಿಗೆ 353 ಮೀಟರ್. ಎಲ್ಲರಿಗೂ ಖುಷಿ. ಹಿಂದಿನ ಬೆಂಚಿನ ಒಬ್ಬ ಮಾತ್ರ ಬೆರಳು ಮಡಿಸಿ ಎಣಿಸಿ, “ಟೀಚರ್, ಇಪ್ಪತ್ತು ಬಡಿತದ ನಡುವೆ ಹತ್ತೊಂಬತ್ತೇ ಸಂದು ಅಲ್ವಾ?” ಅಂದ. ಹೌದು. ಮತ್ತೆ ಲೆಕ್ಕ ಹಾಕಿದಾಗ 335 ಬಂತು. ಆ ದಿನದ ಸೆಖೆಗೆ 350ರ ಹತ್ತಿರ ಬರಬೇಕಿತ್ತು. “ಪುಸ್ತಕದಲ್ಲಿ 340 ಉಂಟು, ಅದನ್ನೇ ಬರೆಯುವ” ಅಂತ ಕೆಲವರ ಸಲಹೆ. ಬೇಡ, 335 ಅಂತಲೇ ಬರೆದು, ಎಲ್ಲಿ ತಪ್ಪಿರಬಹುದು ಅಂತ ಕೆಳಗೆ ಬರೆಯಿರಿ ಎಂದೆ. ವರ್ಷಾನುಗಟ್ಟಲೆ ಪ್ರಯೋಗ ಮಾಡದೆಯೇ 340 ಬರೆಸಿದ ನಮ್ಮ ರೆಕಾರ್ಡ್ ಪುಸ್ತಕಗಳಿಗಿಂತ ಆ 335 ಮೇಲು ಅಂತ ನನಗೆ ಅನ್ನಿಸುತ್ತದೆ.

ಅಲ್ಲೇ ಇನ್ನೊಂದು ಮಾತು ಬಂತು. ಕೋರೆಯ ಮೂಲೆಯ ಹಿಂದೆ ನಿಂತವರಿಗೆ ನನ್ನ ಧ್ವನಿ ಕೇಳ್ತದೆ, ನಾನು ಕಾಣುವುದಿಲ್ಲ. ಎರಡೂ ತರಂಗವೇ ಆದರೆ ಒಂದು ಮಾತ್ರ ಯಾಕೆ ಮೂಲೆ ತಿರುಗಿ ಬಂತು? ತರಂಗದೂರದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಬಾಗಿಲು ನನಗೆ ಗೊತ್ತಿಲ್ಲ. ನಮಗೆ ಕೇಳುವ ಶಬ್ದದ ತರಂಗದೂರ ಸುಮಾರು 1.7 ಸೆಂಟಿಮೀಟರಿನಿಂದ 17 ಮೀಟರಿನವರೆಗೆ, ಬಾಗಿಲು, ಗೋಡೆ, ಮೂಲೆಗಳ ಅಳತೆಯದ್ದು. ಬೆಳಕಿನದ್ದು ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ. ಅಷ್ಟು ಸಣ್ಣದಕ್ಕೆ ಕೋರೆಯ ಮೂಲೆಯಲ್ಲಿ ಕಣ್ಣಿಗೆ ಕಾಣುವಷ್ಟು ಬಗ್ಗಲು ಆಗುವುದಿಲ್ಲ.

ಸಮಯ ಎಲ್ಲಿದೆ, ಪರೀಕ್ಷೆಗೆ ಬೇಕಾದದ್ದು ವ್ಯತ್ಯಾಸದ ಪಟ್ಟಿ ತಾನೇ, ಅಂತ ಸಹೋದ್ಯೋಗಿಗಳು ಕೇಳ್ತಾರೆ. ಮಾತು ಸುಳ್ಳಲ್ಲ. ಕೋರೆಗೆ ಹೋಗಿ ಬರಲು ನನಗೆ ಮೂರು ಪೀರಿಯಡ್ ಹೋಯಿತು, ಅದರಲ್ಲಿ ಒಂದು ಗಣಿತದವರ ಹತ್ತಿರ ಸಾಲ ತಗೊಂಡದ್ದು, ಇನ್ನೂ ತೀರಿಸಿಲ್ಲ. ಆದರೆ ನಮ್ಮ ಮಕ್ಕಳು ಮುಂದೆ ಹೈಯರ್ ಸೆಕೆಂಡರಿಗೆ ಹೋಗುವಾಗ ಪಾಠದ ಭಾಷೆಯೇ ಬದಲಾಗುತ್ತದೆ. ಬಾಯಿಪಾಠ ಮಾಡಿದ ‘ಸಂಪೀಡನ’ ಅಲ್ಲಿ ಕೆಲಸಕ್ಕೆ ಬರುವುದಿಲ್ಲ, ಹೊಸ ಶಬ್ದ ಕಲಿಯಬೇಕು. ಒಳಗೆ ಸರಿಯಾದ ಚಿತ್ರ ಇದ್ದರೆ ಹೊಸ ಹೆಸರು ಒಂದು ವಾರದಲ್ಲಿ ಅಂಟಿಕೊಳ್ಳುತ್ತದೆ. ಹಾವಿನ ಚಿತ್ರ ಇದ್ದರೆ ಯಾವ ಭಾಷೆಯ ಹೆಸರೂ ಅದನ್ನು ಸರಿ ಮಾಡುವುದಿಲ್ಲ.

ಮುಂದಿನ ಕ್ಲಸ್ಟರ್ ಸಭೆಯಲ್ಲಿ ಪ್ರಶ್ನೆಪತ್ರಿಕೆ ತಯಾರಿಸಲು ಕೂತಾಗ, ನನ್ನ ಕಡೆಯಿಂದ ಎರಡು ಅಂಕದ ಒಂದು ಪ್ರಶ್ನೆ ಸೇರಿಸಿಕೊಳ್ಳಿ. ಹಾವಿನ ಗೆರೆಯನ್ನು ನಾವೇ ಕೊಟ್ಟು, ಅಡ್ಡಗೆರೆ ಏನನ್ನು ತೋರಿಸುತ್ತದೆ, ನೆಟ್ಟಗೆರೆ ಏನನ್ನು, ಮತ್ತು ಗೆರೆಯ ತುದಿಯಲ್ಲಿ ಇರುವ ಗಾಳಿಯ ಕಣ ಯಾವ ಕಡೆಗೆ ಅಲುಗುತ್ತದೆ ಅಂತ ಕೇಳೋಣ.