ಅಜ್ಜಿಯೂ ಕೂರಬೇಕು, ಮೂಟೆಯೂ ಹಿಡಿಯಬೇಕು

ಒಂದು ಭಾನುವಾರ ಬೆಳಿಗ್ಗೆ ಅರಕಲಗೂಡು ಕಡೆಯ ರೈತರೊಬ್ಬರು ಹಾಸನದ ನಮ್ಮ ಮನೆಗೆ ಬಂದರು. ಅವರ ಮಗಳು ಪಿಯುಸಿಯಲ್ಲಿ ನನ್ನ ವಿದ್ಯಾರ್ಥಿನಿಯಾಗಿದ್ದವಳು. ಈಗ ಹಾಸನದಲ್ಲೇ ಹಾಸ್ಟೆಲಿನಲ್ಲಿದ್ದು ಎಂಜಿನಿಯರಿಂಗ್ ಓದುತ್ತಿದ್ದಾಳೆ. ಮಗ ದ್ವಿತೀಯ ಪಿಯುಸಿ. ಕಾಫಿ ಕುಡಿದು ಲೋಟ ಕೆಳಗಿಟ್ಟವರೇ ವಿಷಯಕ್ಕೆ ಬಂದರು.

“ಮೇಷ್ಟ್ರೇ, ಈ ಸಾರಿ ಹೊಗೆಸೊಪ್ಪಿಗೆ ಪರವಾಗಿಲ್ಲ ಅನ್ನೋ ರೇಟು ಸಿಕ್ತು. ಒಂದು ಕಾರು ತಗಳಣ ಅಂತ. ಅವ್ವನಿಗೆ ವಾರಕ್ಕೆ ಎರಡು ದಿನ ಹಾಸನದಲ್ಲಿ ಡಯಾಲಿಸಿಸ್. ಬಾಡಿಗೆ ಗಾಡಿಗೆ ಕೊಟ್ಟು ಕೊಟ್ಟು ಸಾಕಾಗೋಯ್ತು. ಯಾವ ಕಾರು ತಗಂಡ್ರೆ ಒಳ್ಳೇದು?”

ಜೊತೆಗೆ ಬಂದಿದ್ದ ಮಗ ಆಗಲೇ ಮೊಬೈಲಿನಲ್ಲಿ ಒಂದು ದೊಡ್ಡ ಗಾಡಿಯ ಚಿತ್ರ ತೆರೆದು ಹಿಡಿದಿದ್ದ. ನೋಡಲು ಚೆನ್ನಾಗಿಯೇ ಇತ್ತು. ಆದರೆ ಕಾರು ಕೊಳ್ಳುವುದು ಚಿತ್ರ ನೋಡಿ ಅಲ್ಲ, ಮನೆಯ ವರ್ಷದ ಓಡಾಟ ನೋಡಿ. ಮಗಳ ಕೈಗೆ ಒಂದು ಹಾಳೆ ಕೊಟ್ಟು, “ಯಾರು ಕೂರುತ್ತಾರೆ, ಏನು ಹೊರಬೇಕು, ಎಷ್ಟು ದೂರ, ಎಂಥ ರಸ್ತೆ, ಈ ನಾಲ್ಕನ್ನೂ ಬರೆಯಮ್ಮ” ಎಂದೆ. ಆ ಹಾಳೆಯಲ್ಲಿ ಮೂಡಿದ್ದನ್ನೇ ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ. ಕಾರು ಕೊಳ್ಳುವ ಯೋಚನೆಯಿರುವ ತಂದೆ ತಾಯಿಗಳಿಗೂ, ಲೆಕ್ಕ ಕಲಿಯುವ ಮಕ್ಕಳಿಗೂ ಇದು ಉಪಯೋಗಕ್ಕೆ ಬಂದೀತು.

ಹಾಳೆ ಹೇಳಿದ್ದು

ಮನೆಯಲ್ಲಿ ಐದು ಜನ. ಊರಿನಿಂದ ಹಾಸನಕ್ಕೆ ಸುಮಾರು 30 ಕಿಲೋಮೀಟರು. ಹೋಗಿ ಬರಲು 60. ವಾರಕ್ಕೆ ಎರಡು ಸಲವೆಂದರೆ ವರ್ಷಕ್ಕೆ 104 ಸಲ, ಅಂದರೆ 6,240 ಕಿಲೋಮೀಟರು. ಮನೆದೇವರು ಹೊಳೆನರಸೀಪುರದ ಲಕ್ಷ್ಮೀನರಸಿಂಹಸ್ವಾಮಿ. ಅತ್ತೆಯ ಮನೆ ಚನ್ನರಾಯಪಟ್ಟಣದ ಕಡೆ; ಅಲ್ಲಿಗೆ ಹೋದರೆ ಬರುವಾಗ ತೆಂಗಿನಕಾಯಿ ಮೂಟೆ ಬಂದೇ ಬರುತ್ತದೆ. ಹಾಸ್ಟೆಲಿನಿಂದ ಟ್ರಂಕು, ಹಾಸಿಗೆ ತರುವುದು ವರ್ಷಕ್ಕೆರಡು ಸಲ. ಇವೆಲ್ಲ ಸೇರಿ ವರ್ಷಕ್ಕೆ ಎಂಟು ಸಾವಿರ ಕಿಲೋಮೀಟರು ಎಂದು ಹಿಡಿದೆವು.

ಅವಳು ಬರೆದದ್ದರಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಾಲು ಕೊನೆಯಲ್ಲಿತ್ತು: ‘ಐದು ಜನವೂ ಒಟ್ಟಿಗೆ ಹೋಗುವುದು ವರ್ಷಕ್ಕೆ ನಾಲ್ಕಾರು ಸಲ. ಮೂಟೆ ತರುವಾಗ ಅಪ್ಪ ಅಮ್ಮ ಇಬ್ಬರೇ.’ ಅಂದರೆ ಎಲ್ಲ ಸೀಟೂ ತುಂಬುವ ದಿನ ಮೂಟೆ ಇರುವುದಿಲ್ಲ, ಮೂಟೆ ಇರುವ ದಿನ ಸೀಟು ಖಾಲಿ. ಹಿಂದಿನ ಸೀಟು ಮಡಚಿದರೆ ಸಾಮಾನಿಗೆ ಜಾಗವಾಗುವ ಕಾರು ಈ ಮನೆಗೆ ಸಾಕು.

ನಮ್ಮಲ್ಲಿ ಎಸ್ಟೇಟ್ ಕಾರು ಏಕಿಲ್ಲ?

ಇಂಥ ಕುಟುಂಬಕ್ಕಾಗಿಯೇ ಹೊರದೇಶಗಳಲ್ಲಿ ಒಂದು ಬಗೆಯ ಕಾರಿದೆ. ಬ್ರಿಟನ್ನಿನಲ್ಲಿ ಅದಕ್ಕೆ ಎಸ್ಟೇಟ್ ಕಾರು ಎನ್ನುತ್ತಾರೆ, ಅಮೆರಿಕದಲ್ಲಿ ಸ್ಟೇಷನ್ ವ್ಯಾಗನ್. ಹಾಸನ ಜಿಲ್ಲೆಯಲ್ಲಿ ಎಸ್ಟೇಟ್ ಕಾರು ಎಂದರೆ ಸಕಲೇಶಪುರದ ಕಾಫಿ ತೋಟದವರ ಜೀಪು ಎಂದುಕೊಳ್ಳುವವರೇ ಹೆಚ್ಚು! ಮಾಮೂಲಿ ಸೆಡಾನ್ ಕಾರಿನ ಛಾವಣಿಯನ್ನು ಡಿಕ್ಕಿಯ ಕೊನೆಯವರೆಗೂ ಎಳೆದು, ಹಿಂದೆ ಮೇಲಕ್ಕೆತ್ತುವ ಬಾಗಿಲು ಇಟ್ಟರೆ ಅದೇ ಎಸ್ಟೇಟ್ ಕಾರು. ಸಾಮಾನು ತಗ್ಗಿನಲ್ಲಿ ಕೂರುವುದರಿಂದ ತಿರುವಿನಲ್ಲಿ ಗಾಡಿ ವಾಲುವುದೂ ಕಡಿಮೆ.

ನಮ್ಮವರು ಪ್ರಯತ್ನಿಸಲಿಲ್ಲವೆಂದಲ್ಲ. ಟಾಟಾದವರು 1992ರಲ್ಲಿ ‘ಎಸ್ಟೇಟ್’ ಎಂಬ ಹೆಸರಿನಲ್ಲೇ ಒಂದು ಡೀಸೆಲ್ ಕಾರು ತಂದರು. ಆಮೇಲೆ ಮಾರುತಿಯ ಬಲೆನೊ ಆಲ್ಟುರಾ ಬಂತು, 2004ರಲ್ಲಿ ಟಾಟಾ ಇಂಡಿಗೊ ಮರೀನಾ ಬಂತು. ಯಾವುದೂ ನಿಲ್ಲಲಿಲ್ಲ. ಡಿಕ್ಕಿ ಬೇರೆಯಾಗಿ ಕಾಣುವ ಕಾರೇ ಅಂತಸ್ತಿನ ಕಾರು ಎಂಬ ಭಾವನೆ ನಮ್ಮಲ್ಲಿ ಬಲವಾಗಿತ್ತು.

ಮತ್ತೊಂದು ಕಾರಣ ತೆರಿಗೆಯದು. 2006ರ ಕೇಂದ್ರ ಬಜೆಟ್ಟಿನಲ್ಲಿ ಸಣ್ಣ ಕಾರಿನ ಅಬಕಾರಿ ಸುಂಕವನ್ನು ಶೇ 24ರಿಂದ 16ಕ್ಕೆ ಇಳಿಸಿದರು. ಉದ್ದ ನಾಲ್ಕು ಮೀಟರಿನೊಳಗಿರಬೇಕು, ಪೆಟ್ರೋಲ್ ಎಂಜಿನ್ 1200 ಸಿಸಿ ಮೀರಬಾರದು ಎಂಬುದು ಷರತ್ತು. ಎಸ್ಟೇಟ್ ಕಾರುಗಳ ಉದ್ದ ನಾಲ್ಕು ಮೀಟರ್ ದಾಟುತ್ತಿತ್ತು. ರಿಯಾಯಿತಿಗಾಗಿ ಕಂಪನಿಗಳು ಸೆಡಾನಿನ ಬಾಲವನ್ನೇ ಕತ್ತರಿಸಿದವು. 2008ರ ಇಂಡಿಗೊ ಸಿಎಸ್ ಹೀಗೆ ಹುಟ್ಟಿದ್ದು. ಉದ್ದ ಹೆಚ್ಚಿಸುವಂತಿಲ್ಲದ ಮೇಲೆ ಜಾಗ ಬೇಕಾದವರು ಎತ್ತರ ಹೆಚ್ಚಿಸಿದರು. ಈ ಅಳತೆಗೋಲು ಈಗಲೂ ಉಳಿದಿದೆ. 2025ರ ಸೆಪ್ಟೆಂಬರ್ 22ರಿಂದ ಈ ಮಿತಿಯೊಳಗಿನ ಪೆಟ್ರೋಲ್ ಕಾರಿಗೆ ಜಿಎಸ್‌ಟಿ ಶೇ 18, ಮಿತಿ ದಾಟಿದ್ದಕ್ಕೆ ಶೇ 40.

ಹೀಗಾಗಿ ಇಂದು ನಮ್ಮ ಅಂಗಡಿಗಳಲ್ಲಿ ಎಸ್ಟೇಟ್ ಕಾರಿನ ಕೆಲಸ ಮಾಡುವುದು ಎತ್ತರದ ಪೆಟ್ಟಿಗೆಯಂಥ ಕಾರುಗಳು. ವ್ಯಾಗನ್ ಆರ್ ಅಂಥದೊಂದು. 2019ರ ಮಾದರಿಯ ಡಿಕ್ಕಿ 341 ಲೀಟರು, ಎಂಜಿನ್ ಒಂದು ಲೀಟರು ಅಥವಾ 1.2 ಲೀಟರು. 1984ರಿಂದ 2019ರವರೆಗೆ ತಯಾರಾದ ಓಮ್ನಿಯನ್ನು ಶಾಲೆಯ ವ್ಯಾನ್ ಆಗಿ ಕಂಡಿದ್ದೀರಿ. ಅದರ ಜಾಗದಲ್ಲಿ ಈಗ ಈಕೊ ಇದೆ. 2019ರಲ್ಲಿ ಬಂದ ಟ್ರೈಬರ್‌ಗೆ ಒಂದು ಲೀಟರಿನ ಮೂರು ಸಿಲಿಂಡರ್ ಎಂಜಿನ್. ಅದರ ಮೂರನೇ ಸಾಲಿನ ಸೀಟನ್ನು ಕಳಚಿ ಮನೆಯಲ್ಲಿಟ್ಟರೆ ಡಿಕ್ಕಿ 625 ಲೀಟರು. ಅದೇ ಏಳು ಜನ ಕೂತರೆ ಉಳಿಯುವುದು 84 ಲೀಟರು ಮಾತ್ರ. ಏಳು ಸೀಟಿನ ಕಾರು ಎಂದ ಕೂಡಲೇ ಏಳು ಜನರ ಲಗೇಜೂ ಹಿಡಿಯುತ್ತದೆ ಎಂದು ತಿಳಿಯಬಾರದು.

ಬೆಂಗಳೂರಿನ ಡಾಲ್ಫಿನ್ ಕಲಿಸಿದ ಪಾಠ

ಸಣ್ಣ ಪೆಟ್ರೋಲ್ ಎಂಜಿನ್ನಿನ ಕುಟುಂಬದ ಕಾರು ಕರ್ನಾಟಕದಲ್ಲೇ ತಯಾರಾಗಿತ್ತೆಂಬುದು ಇಂದಿನ ಮಕ್ಕಳಿಗೆ ತಿಳಿದಿರಲಾರದು. ಬೆಂಗಳೂರಿನ ಸಿಪಾನಿ ಕಂಪನಿ 1980ರ ದಶಕದ ಆರಂಭದಲ್ಲಿ ಡಾಲ್ಫಿನ್ ಎಂಬ ಕಾರು ತಂದಿತು. ಬ್ರಿಟನ್ನಿನ ರಿಲಯಂಟ್ ಕಿಟನ್ ಕಾರಿನ ನಮೂನೆ, 848 ಸಿಸಿ ಎಂಜಿನ್, ಫೈಬರ್‌ಗ್ಲಾಸಿನ ಹಗುರ ಮೈ. ಆದರೆ ಬಾಗಿಲು ಎರಡೇ. ಮುಂದಿನ ಸೀಟು ಬಗ್ಗಿಸಿ, ಸೀರೆ ಉಟ್ಟ ಅಜ್ಜಿ ಹಿಂದಕ್ಕೆ ನುಸುಳುವುದನ್ನು ಊಹಿಸಿಕೊಳ್ಳಿ! 1983ರ ಕೊನೆಯಲ್ಲಿ ನಾಲ್ಕು ಬಾಗಿಲಿನ ಮಾರುತಿ 800 ಬಂದ ಮೇಲೆ ಡಾಲ್ಫಿನ್ ಹಿಂದೆ ಬಿತ್ತು. ಸಿಪಾನಿಯವರು ಆಮೇಲೆ ಮೊಂಟಾನಾ ಎಂಬ ನಾಲ್ಕು ಬಾಗಿಲಿನ ಕಾರು ತಂದರೂ ಕಾಲ ಮಿಂಚಿತ್ತು. ಎಂಜಿನ್ ಎಷ್ಟೇ ಚೆನ್ನಾಗಿರಲಿ, ಹತ್ತಿ ಇಳಿಯಲು ಆಗದ ಕಾರು ಮನೆಯ ಕಾರಾಗುವುದಿಲ್ಲ.

ಸಣ್ಣ ಎಂಜಿನ್ ಎಳೆಯುತ್ತದೆಯೇ?

ಇದು ಮಗನ ಪ್ರಶ್ನೆ. ಐದು ಜನರನ್ನು ತಲಾ 60 ಕೆ.ಜಿ. ಎಂದು ಹಿಡಿದರೆ 300 ಕೆ.ಜಿ. ಜೊತೆಗೆ 40 ಕೆ.ಜಿ.ಯ ಎರಡು ಮೂಟೆ ಹಾಕಿದರೆ 380. ಮೇಲೆ ಹೇಳಿದ ಕಾರುಗಳ ಸ್ವಂತ ತೂಕ 800ರಿಂದ 950 ಕೆ.ಜಿ. ಆಸುಪಾಸು. ಅಂದರೆ ಹೊರೆ ಕಾರಿನ ತೂಕದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ. ಟರ್ಬೊ ಇಲ್ಲದ ಸಣ್ಣ ಎಂಜಿನ್ನಿಗೆ ಅದರ ಪೂರ್ಣ ಟಾರ್ಕ್, ಎಂದರೆ ತಿರುಗಿಸುವ ಬಲ, ಸಿಗುವುದು ಎಂಜಿನ್ ಜೋರಾಗಿ ತಿರುಗುವಾಗ. ಟ್ರೈಬರ್‌ಗೆ 96 ನ್ಯೂಟನ್ ಮೀಟರು, 1.2 ಲೀಟರಿನ ವ್ಯಾಗನ್ ಆರ್‌ಗೆ 113. ದಿಬ್ಬ ಬಂದಾಗ ಗೇರು ಇಳಿಸಿದರೆ ಎರಡೂ ಹತ್ತುತ್ತವೆ. ಮೇಲಿನ ಗೇರಿನಲ್ಲೇ ಒತ್ತಿ ಹಿಡಿದರೆ ಎರಡೂ ಉಸಿರುಗಟ್ಟುತ್ತವೆ.

ಆದರೆ ಹಿಂದಿಕ್ಕುವಾಗ ಎಚ್ಚರ ಬೇಕು. ಹಾಸನದಿಂದ ಚನ್ನರಾಯಪಟ್ಟಣಕ್ಕೆ ನಾಲ್ಕು ಪಥದ ಹೆದ್ದಾರಿಯಿದೆ. ಅರಕಲಗೂಡಿನ ಕಡೆಯ ಎರಡು ಪಥದ ರಸ್ತೆಯಲ್ಲಿ ಹಾಗಲ್ಲ. ಕಬ್ಬಿನ ಗಾಡಿಯನ್ನು ಹಿಂದಿಕ್ಕಲು ತುಂಬಿದ ಸಣ್ಣ ಕಾರಿಗೆ ಹೆಚ್ಚು ದೂರ ಬೇಕು. ಎದುರಿಗೆ ಬಸ್ಸು ಕಂಡರೆ ಕಾಯುವುದೇ ಜಾಣತನ. ಗಂಟೆಗೆ 60 ಕಿ.ಮೀ. ಬದಲು 80ರಲ್ಲಿ ಹೋದರೆ ವೇಗ ಮೂರರಲ್ಲೊಂದು ಪಾಲು ಹೆಚ್ಚಿದರೂ, ಬ್ರೇಕು ತಡೆಯಬೇಕಾದ ಚಲನಶಕ್ತಿ ಸುಮಾರು 1.8 ಪಟ್ಟು ಆಗುತ್ತದೆ. ಪಿಯುಸಿ ಭೌತಶಾಸ್ತ್ರದ ಈ ವರ್ಗದ ನಿಯಮ ರಸ್ತೆಯಲ್ಲಿ ಯಾರನ್ನೂ ಬಿಡುವುದಿಲ್ಲ.

ಪೆಟ್ರೋಲೋ, ಡೀಸೆಲೋ?

ಮಾರುತಿಯವರು 2020ರ ಏಪ್ರಿಲಿನಲ್ಲಿ ಬಿಎಸ್ 6 ನಿಯಮ ಬಂದಾಗ ಡೀಸೆಲ್ ಕಾರನ್ನೇ ನಿಲ್ಲಿಸಿದರು. ಡೀಸೆಲ್ ಇಡುವ ಕಂಪನಿಗಳು ಈಗಲೂ ಕೆಲವಿವೆ. ಲೆಕ್ಕಕ್ಕಾಗಿ ಲೀಟರಿಗೆ ಪೆಟ್ರೋಲ್ 100, ಡೀಸೆಲ್ 90 ರೂಪಾಯಿ ಇರಲಿ. ಮೈಲೇಜು 16 ಮತ್ತು 20 ಇರಲಿ. ಕಿಲೋಮೀಟರಿಗೆ ಪೆಟ್ರೋಲಿನದು 6.25, ಡೀಸೆಲಿನದು 4.50. ಉಳಿತಾಯ 1.75 ರೂಪಾಯಿ. ಡೀಸೆಲ್ ಕಾರಿಗೆ 1,20,000 ಹೆಚ್ಚು ಕೊಟ್ಟಿದ್ದರೆ, ಅದು ವಾಪಸು ಬರಲು 68,571 ಕಿಲೋಮೀಟರು ಓಡಿಸಬೇಕು. ವರ್ಷಕ್ಕೆ ಎಂಟು ಸಾವಿರದಂತೆ ಎಂಟೂವರೆ ವರ್ಷ! ಈ ಮನೆಗೆ ಪೆಟ್ರೋಲೇ ಸರಿ. ಸಿಎನ್‌ಜಿ ಅಗ್ಗವೆನ್ನುವವರು ಸಿಲಿಂಡರ್ ಡಿಕ್ಕಿಯಲ್ಲಿ ಎಷ್ಟು ಜಾಗ ನುಂಗುತ್ತದೆಂದು ಕಣ್ಣಾರೆ ನೋಡಿ ತೀರ್ಮಾನಿಸಲಿ.

ಕಂತು ತಿಂಗಳಿಗೆ, ಫಸಲು ವರ್ಷಕ್ಕೆ

ಇಲ್ಲಿಗೆ ಬಂದಾಗ ಮಗಳ ಪೆನ್ನು ನಿಧಾನವಾಯಿತು. ಐದು ಲಕ್ಷ ಸಾಲಕ್ಕೆ ಶೇ 9ರ ಬಡ್ಡಿಯಾದರೆ ಏಳು ವರ್ಷಕ್ಕೆ ತಿಂಗಳ ಕಂತು ಸುಮಾರು 8,045 ರೂಪಾಯಿ, ಒಟ್ಟು ಬಡ್ಡಿ 1.75 ಲಕ್ಷದಷ್ಟು. ಐದು ವರ್ಷಕ್ಕಾದರೆ ಕಂತು 10,380, ಬಡ್ಡಿ 1.23 ಲಕ್ಷದ ಹತ್ತಿರ. ಇದರ ಮೇಲೆ ಪೆಟ್ರೋಲಿಗೆ ವರ್ಷಕ್ಕೆ ಐವತ್ತು ಸಾವಿರ. ವಿಮೆ, ಸರ್ವೀಸು, ಟೈರು ಬೇರೆ.

ಸಂಬಳದವರಿಗೆ ಇದು ತೂಗಬಹುದು. ರೈತನ ಮನೆಯ ಪಂಚಾಂಗವೇ ಬೇರೆ. ರಾಮನಾಥಪುರದ ಮಾರುಕಟ್ಟೆಯಲ್ಲಿ ಹೊಗೆಸೊಪ್ಪಿನ ಹರಾಜು ಸಾಮಾನ್ಯವಾಗಿ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಶುರುವಾಗಿ ಬೇಸಿಗೆಯ ಹೊತ್ತಿಗೆ ಮುಗಿಯುತ್ತದೆ. ಕಾಲೇಜಿನ ಫೀಸು ಕಟ್ಟುವುದು ಮಳೆಗಾಲದಲ್ಲಿ, ಬೆಳೆ ಇನ್ನೂ ಹೊಲದಲ್ಲಿರುವಾಗ. ಆ ತಿಂಗಳುಗಳಲ್ಲೇ ಕಾರಿನ ಕಂತೂ ಬಂದು ನಿಲ್ಲುತ್ತದೆ. ಕಂತು ತಪ್ಪಬಾರದೆಂದು ಮಗನ ಸೀಟಿನ ಹಣಕ್ಕೆ ಕೈ ಹಾಕಿದರೆ?

ತಂದೆ ಬಹಳ ಹೊತ್ತು ಮಾತಾಡಲಿಲ್ಲ. ಮಗ ಮೊಬೈಲನ್ನು ಜೇಬಿಗೆ ಹಾಕಿಕೊಂಡ. ಕೊನೆಗೆ ಮಗಳೇ ಹೇಳಿದಳು: “ಅಪ್ಪ, ಮೊದಲು ತಮ್ಮನ ಒಂದು ವರ್ಷದ ಫೀಸು, ಆರು ತಿಂಗಳ ಕಂತು ಎರಡನ್ನೂ ಬ್ಯಾಂಕಲ್ಲಿ ಡಿಪಾಸಿಟ್ ಇಡೋಣ. ಉಳಿದದ್ದರಲ್ಲಿ ಎಂಥ ಕಾರು ಬರುತ್ತೋ ಅದೇ ನಮ್ಮ ಕಾರು.” ಇದಕ್ಕಿಂತ ಒಳ್ಳೆಯ ಸಲಹೆ ನನ್ನಲ್ಲಿರಲಿಲ್ಲ.

ಹಳೆಯದಾದರೆ

ಉಳಿದ ಹಣಕ್ಕೆ ಹೊಸದು ಎಟುಕಲಿಲ್ಲ. ಬಳಸಿದ ಕಾರು ಕೊಳ್ಳುವವರು ನಾಲ್ಕು ಸಂಗತಿ ನೋಡಬೇಕು. ಒಂದು, ಸರ್ವೀಸಿನ ದಾಖಲೆ ಮತ್ತು ಮೀಟರಿನ ಕಿಲೋಮೀಟರು ತಾಳೆಯಾಗಬೇಕು. ಎರಡು, ಆರ್‌ಸಿಯಲ್ಲಿ ಹಿಂದಿನವರ ಬ್ಯಾಂಕ್ ಸಾಲದ ನಮೂದು ತೆಗೆಸಿರಬೇಕು. ಮೂರು, ಮುಂದಿನ ಎರಡು ಸೀಟಿಗೂ ಏರ್‌ಬ್ಯಾಗ್ ಇರಬೇಕು. 2022ರ ಜನವರಿಯಿಂದೀಚೆಗೆ ತಯಾರಾದ ಕಾರುಗಳಿಗೆ ಇದು ಕಡ್ಡಾಯ, ಅದಕ್ಕಿಂತ ಹಳೆಯದಾದರೆ ಕೇಳಿ ನೋಡಿ. ನಾಲ್ಕು, ಈಗ ಬಂಕುಗಳಲ್ಲಿ ಸಿಗುವುದು ಶೇ 20 ಎಥನಾಲ್ ಬೆರೆಸಿದ ಪೆಟ್ರೋಲ್. 2023ರ ಏಪ್ರಿಲಿಗಿಂತ ಹಿಂದಿನ ಕಾರಾದರೆ ಅದಕ್ಕೆ ಈ ಇಂಧನ ಒಗ್ಗುತ್ತದೆಯೇ ಎಂದು ಕಂಪನಿಯ ಕೈಪಿಡಿಯಲ್ಲಿ ನೋಡಿಕೊಳ್ಳಿ. ನಂಬಿಕೆಯ ಮೆಕ್ಯಾನಿಕ್ಕನ್ನು ಜೊತೆಗೆ ಕರೆದೊಯ್ದರೆ ಅವನಿಗೆ ಕೊಡುವ ದುಡ್ಡು ಎಂದೂ ದಂಡವಲ್ಲ.

ಅಜ್ಜಿಯ ಪರೀಕ್ಷೆ

ಕೊನೆಯ ಪರೀಕ್ಷೆ ಅಜ್ಜಿಯದು. ಡಯಾಲಿಸಿಸ್ ಇಲ್ಲದ ಒಂದು ದಿನ ಅವರನ್ನೇ ಕರೆತರಲು ಹೇಳಿದ್ದೆ. ಮೊಮ್ಮಗ ಮೆಚ್ಚಿದ ಎತ್ತರದ ಗಾಡಿಗೆ ಅವರ ಕಾಲು ಎತ್ತಲೇ ಆಗಲಿಲ್ಲ. ತಗ್ಗಿನ ಕಾರೊಂದರಲ್ಲಿ ಕೂತರು, ಏಳಲು ಇಬ್ಬರು ಕೈ ಹಿಡಿಯಬೇಕಾಯಿತು. ಮೂರನೆಯದು ಎರಡು ವರ್ಷ ಓಡಿದ್ದ 1.2 ಲೀಟರಿನ ಪೆಟ್ಟಿಗೆ ಕಾರು. ಅದರ ಸೀಟು ಸರಿಯಾಗಿ ಸೊಂಟದ ಎತ್ತರಕ್ಕಿತ್ತು. ಹಾಗೇ ತಿರುಗಿ ಕೂತರು, ಯಾರ ಕೈಯೂ ಹಿಡಿಯದೆ ಇಳಿದರು. “ಇದಾದ್ರೆ ನಾನೊಬ್ಳೇ ಇಳ್ಕತೀನಿ ಕಣಪ್ಪ” ಎಂದರು. ಮೊಮ್ಮಗ ಹಿಂದಿನ ಸೀಟು ಮಡಚಿ ತೆಂಗಿನಕಾಯಿಯ ಖಾಲಿ ಚೀಲ ಹಾಸಿ ಅಳತೆ ನೋಡಿದ. ಎರಡು ಮೂಟೆಗೆ ಜಾಗ ಧಾರಾಳವಾಗಿತ್ತು.

ಕಾರು ಈಗ ಅವರ ಮನೆಯ ಮುಂದಿದೆ. ಫೀಸಿನ ಹಣ ಬ್ಯಾಂಕಿನಲ್ಲಿದೆ. ಮಕ್ಕಳೇ, ನಿಮ್ಮ ಮನೆಯಲ್ಲೂ ಕಾರಿನ ಮಾತು ಬಂದರೆ ಮೊದಲು ಒಂದು ಹಾಳೆ ತಂದು ಅಪ್ಪ ಅಮ್ಮನ ಜೊತೆ ಕೂತುಕೊಳ್ಳಿ. ಪೋಷಕರೇ, ಆ ಹಾಳೆಯನ್ನು ಮಕ್ಕಳ ಕೈಯಲ್ಲೇ ಬರೆಸಿ. ಮನೆಯ ಹಣ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂಬುದು ಅವರಿಗೂ ತಿಳಿಯಲಿ.