ಜೋಕು ಹೇಳುವ ಮೊದಲು ದೋಣಿ ನಿಲ್ಲಿಸಲು ಕಲಿಯಬೇಕು

ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿನಲ್ಲಿ ‘ಜಂಗಲ್ ಕ್ರೂಸ್’ ಎಂಬ ದೋಣಿಯಾಟವಿದೆ. ದೋಣಿ ಒಂದು ಪುಟ್ಟ ಜಲಪಾತದ ಮುಂದೆ ಹಾದು, ಕಾಡೆಲ್ಲ ಸುತ್ತಿ, ಮತ್ತೆ ಅದೇ ಜಲಪಾತದ ಹಿಂಬದಿಗೆ ಬರುತ್ತದೆ. ಚುಕ್ಕಾಣಿ ಹಿಡಿದ ಹುಡುಗ ಗಂಟಲು ಸರಿಮಾಡಿಕೊಂಡು, ಜಗತ್ತಿನ ಎಂಟನೆಯ ಅದ್ಭುತ ಈಗ ಕಾಣಲಿದೆ ಎನ್ನುತ್ತಾನೆ. ಎಲ್ಲರೂ ಕತ್ತು ಚಾಚುತ್ತಾರೆ. ದೋಣಿ ನೀರಿನ ತೆರೆಯ ಹಿಂದೆ ಸರಿಯುತ್ತಲೇ ಆತ ಸಾರುತ್ತಾನೆ: ‘ಇಗೋ, ನೀರಿನ ಬೆನ್ನು!’ ಜೋಗ ಕಂಡವರಿಗೆ ಆ ಜಲಪಾತ ಗದ್ದೆಯ ತೂಬಿನಂತೆ ಕಂಡೀತು. ಆದರೂ ದೋಣಿಯಲ್ಲಿ ನಗು ಏಳುತ್ತದೆ. ಅದೇ ಮಾತನ್ನು ಅಂದು ಎಷ್ಟನೆಯ ಸಲ ಹೇಳುತ್ತಿದ್ದೇನೆಂದು ಆ ಹುಡುಗನಿಗೇ ಲೆಕ್ಕ ತಪ್ಪಿರುತ್ತದೆ.

1955ರ ಜುಲೈ 17ರಂದು ಡಿಸ್ನಿಲ್ಯಾಂಡ್ ಬಾಗಿಲು ತೆರೆದ ದಿನದಿಂದಲೂ ಈ ದೋಣಿಗಳು ಓಡುತ್ತಿವೆ. ಹಾರ್ಪರ್ ಗಾಫ್ ಎಂಬ ಕಲಾವಿದ 1951ರ ‘ದಿ ಆಫ್ರಿಕನ್ ಕ್ವೀನ್’ ಸಿನಿಮಾದ ಗುಂಗಿನಲ್ಲಿ ಈ ನದಿಯನ್ನೂ ದೋಣಿಗಳನ್ನೂ ರೂಪಿಸಿದ. ಮೊದಮೊದಲು ಚುಕ್ಕಾಣಿಗನ ಮಾತು ವನ್ಯಜೀವಿ ಸಾಕ್ಷ್ಯಚಿತ್ರದ ವಿವರಣೆಯಂತೆ ಗಂಭೀರವಾಗಿತ್ತು. 1962ರಲ್ಲಿ ಮಾರ್ಕ್ ಡೇವಿಸ್ ಎಂಬ ಚಿತ್ರಕಾರ ಮೈತೊಳೆಯುವ ಯಾಂತ್ರಿಕ ಆನೆಗಳ ಹಿಂಡನ್ನು ತಂದು ಕೂರಿಸಿದ. ಆನೆ ಸೊಂಡಿಲೆತ್ತಿ ನೀರು ಹಾರಿಸುವಾಗ ಗಂಭೀರ ಮಾತು ಯಾರಿಗೆ ಬೇಕು? ಆ ದಶಕದಲ್ಲಿ ಜೋಕುಗಳು ಸೇರಿಕೊಂಡವು. ಕ್ರಮೇಣ ಕೆಟ್ಟ ಜೋಕೇ ಈ ಆಟದ ಹೆಗ್ಗುರುತಾಯಿತು.

ಈ ಕೆಲಸಕ್ಕೆ ಸೇರಿದವರನ್ನು ಅಲ್ಲಿ ‘ಸ್ಕಿಪ್ಪರ್’ ಎನ್ನುತ್ತಾರೆ. ಕಾಲೇಜು ಓದುವ ವಯಸ್ಸಿನವರೇ ಹೆಚ್ಚು. ಹೊಸಬರ ಕೈಗೆ ಮೊದಲು ಬರುವುದು ಒಂದು ಪಾಠ: ಯಾವ ತಿರುವಿನಲ್ಲಿ ಏನು ಹೇಳಬಹುದು ಎಂದು ಮೊದಲೇ ಒಪ್ಪಿಗೆ ಪಡೆದ ಮಾತುಗಳು. ಅದರೊಳಗೆ ತನಗೆ ಒಗ್ಗುವುದನ್ನು ಆರಿಸಿಕೊಳ್ಳಬಹುದು, ಬಾಯಿಗೆ ಬಂದದ್ದನ್ನು ಆಡುವಂತಿಲ್ಲ. ಇಡೀ ಪಯಣ ಏಳೆಂಟು ನಿಮಿಷ. ಒಂದು ಮಾತು ಎರಡು ಕ್ಷಣ ತಡವಾದರೂ ಆನೆ ಹಿಂದೆ ಸರಿದು, ಜೋಕು ಖಾಲಿ ಪೊದೆಗೆ ಹೇಳಿದಂತಾಗುತ್ತದೆ. ಯಕ್ಷಗಾನದ ಹಾಸ್ಯಗಾರನಿಗೆ ಈ ಕಷ್ಟ ಗೊತ್ತು. ಆದರೆ ಅವನು ಚೆಂಡೆಯವನ ಕಡೆ ನೋಡಿ ಒಂದಿಷ್ಟು ಕಾಲ ಗಿಟ್ಟಿಸಿಕೊಳ್ಳಬಹುದು, ದೋಣಿ ಕಾಯುವುದಿಲ್ಲ.

ಬಾಯಿಪಾಠ ಕೆಲಸದ ಅರ್ಧ ಮಾತ್ರ. ದೋಣಿ ನೀರಿನಡಿಯ ಹಳಿಗೆ ಅಂಟಿಕೊಂಡು ಸಾಗುತ್ತದೆ. ಹಳಿಯೂ ತಳವೂ ಕಾಣದಿರಲೆಂದೇ ನೀರಿಗೆ ಬಣ್ಣ ಬೆರೆಸಿರುತ್ತಾರೆ. ಹಾಗೆಂದು ಚುಕ್ಕಾಣಿಗ ಬರೀ ವೇಷಧಾರಿಯಲ್ಲ. ವೇಗ ಹೆಚ್ಚಿಸುವುದು, ತಗ್ಗಿಸುವುದು, ನಿಲ್ಲಿಸುವುದು, ಹಿಂದಕ್ಕೆ ತರುವುದು ಎಲ್ಲ ಅವನ ಕೈಯಲ್ಲಿದೆ. ಮುಂದಿನ ದೋಣಿಗೂ ತನ್ನದಕ್ಕೂ ಅಂತರ ಕಾಯಬೇಕು. ಸರದಿ ಬದಲಾದರೆ ಕಟ್ಟೆಯ ಮೇಲೆ ನಿಂತು ಜನರನ್ನು ಎಣಿಸಿ ಹತ್ತಿಸಬೇಕು, ಅಜ್ಜಿಯರ ಮೊಳಕೈ ಹಿಡಿದು ಇಳಿಸಬೇಕು. ನಗಿಸುತ್ತಿರುವಾಗಲೂ ಒಂದು ಕಣ್ಣು ಅಂಚಿನಿಂದ ಕೈ ಚಾಚುವ ಮಗುವಿನ ಮೇಲಿರಬೇಕು.

ಈ ದೋಣಿಕಟ್ಟೆಯಿಂದ ಎಲ್ಲೆಲ್ಲಿಗೋ ಹೋದವರಿದ್ದಾರೆ. ‘ಟಾಯ್ ಸ್ಟೋರಿ’ ನಿರ್ದೇಶಿಸಿದ ಜಾನ್ ಲ್ಯಾಸೆಟರ್ ಇಲ್ಲಿ ಸ್ಕಿಪ್ಪರ್ ಆಗಿದ್ದವರು. ಅಮೆರಿಕದ ಅಧ್ಯಕ್ಷ ನಿಕ್ಸನ್‌ಗೆ ವಾಟರ್‌ಗೇಟ್ ಹಗರಣದ ಕಾಲದಲ್ಲಿ ಪತ್ರಿಕಾ ಕಾರ್ಯದರ್ಶಿಯಾಗಿದ್ದ ರಾನ್ ಜೀಗ್ಲರ್ ಕೂಡ. ಒಂದೇ ಮಾತನ್ನು ಮುಖಭಾವ ಕೆಡದಂತೆ ಮತ್ತೆ ಮತ್ತೆ ಹೇಳುವ ಅಭ್ಯಾಸ ಶ್ವೇತಭವನದಲ್ಲಿ ಅವರಿಗೆ ಎಷ್ಟು ಉಪಯೋಗಕ್ಕೆ ಬಂತೋ!

ಡಿಸ್ನಿಲ್ಯಾಂಡಿನ ತರಬೇತಿಗೆ ಮೂಲಪುರುಷ ವ್ಯಾನ್ ಫ್ರಾನ್ಸ್. ಪಾರ್ಕು ತೆರೆಯುವ ಹೊತ್ತಿಗೇ ಆತ ಕೆಲಸಗಾರರಿಗೆ ಪಾಠ ಶುರುಮಾಡಿದ. ಅದೇ ಮುಂದೆ ‘ಡಿಸ್ನಿ ಯೂನಿವರ್ಸಿಟಿ’ ಎಂದು ಹೆಸರಾಯಿತು. ಅಲ್ಲಿ ದಶಕಗಳ ಕಾಲ ಕಲಿಸಿಕೊಂಡು ಬಂದದ್ದು ನಾಲ್ಕು ಮಾತು: ಸುರಕ್ಷತೆ, ಸೌಜನ್ಯ, ಪ್ರದರ್ಶನ, ದಕ್ಷತೆ. ಇತ್ತೀಚೆಗೆ ಎಲ್ಲರನ್ನೂ ಒಳಗೊಳ್ಳುವುದು ಎಂಬ ಐದನೆಯದೂ ಸೇರಿದೆ. ಈ ಪಟ್ಟಿಯ ಜೀವ ಅದರ ಅನುಕ್ರಮದಲ್ಲಿದೆ. ಆಟ ಎಷ್ಟೇ ರಂಗೇರಿರಲಿ, ಸಾಲು ಎಷ್ಟೇ ಉದ್ದವಿರಲಿ, ಮೊದಲನೆಯದಕ್ಕೆ ಧಕ್ಕೆ ಬಂದರೆ ಉಳಿದವು ಪಕ್ಕಕ್ಕೆ ಸರಿಯಬೇಕು. ಗಿರಾಕಿಯ ಸಂತೋಷವೇ ಬಂಡವಾಳವಾದ ವ್ಯಾಪಾರದಲ್ಲಿ, ಗಿರಾಕಿ ಸಿಟ್ಟಾದರೂ ಚಿಂತೆಯಿಲ್ಲ, ಮೊದಲು ಆಟ ನಿಲ್ಲಿಸು ಎಂದು ಹತ್ತೊಂಬತ್ತರ ಹುಡುಗನಿಗೆ ಹೇಳಿಕೊಡುವುದು ಸಣ್ಣ ಸಂಗತಿಯಲ್ಲ.

ಇಷ್ಟು ಹೆಸರಾದ ಪಾಠಶಾಲೆಯೂ ಒಂದು ದಿನ ಎಡವಿತು. 1998ರ ಡಿಸೆಂಬರ್ 24ರಂದು ಅದೇ ಪಾರ್ಕಿನ ಇನ್ನೊಂದು ಆಟವಾದ ‘ಕೊಲಂಬಿಯಾ’ ಹಡಗು ಕಟ್ಟೆಗೆ ಬರುತ್ತಿತ್ತು. ದಿನವೂ ಹಗ್ಗ ಕಟ್ಟುವವರ ಜಾಗದಲ್ಲಿ ಅಂದು ನಿಂತಿದ್ದದ್ದು ಒಬ್ಬ ಸಹಾಯಕ ವ್ಯವಸ್ಥಾಪಕಿ. ಆ ಕೆಲಸದಲ್ಲಿ ಆಕೆಗೆ ತಕ್ಕ ತರಬೇತಿ ಸಿಕ್ಕಿರಲಿಲ್ಲ. ಹಡಗಿನ ವೇಗ ಇಳಿಯುವ ಮೊದಲೇ ಹಗ್ಗವನ್ನು ಗೂಟಕ್ಕೆ ಸುತ್ತಲಾಯಿತು. ಎಳೆತಕ್ಕೆ ಲೋಹದ ಗೂಟ ಹಡಗಿನಿಂದ ಕಿತ್ತುಬಂದು ಸಾಲಿನಲ್ಲಿದ್ದವರಿಗೆ ಬಡಿಯಿತು. ಒಬ್ಬರು ಜೀವ ಕಳೆದುಕೊಂಡರು, ಅವರ ಪತ್ನಿ ತೀವ್ರ ಗಾಯಗೊಂಡರು, ಕೆಲಸಗಾರ್ತಿಯ ಕಾಲಿಗೂ ಪೆಟ್ಟಾಯಿತು. ತರಬೇತಿ ಸಾಲದೆಂದು ಹೇಳಿದ ರಾಜ್ಯದ ಕಾರ್ಮಿಕ ಸುರಕ್ಷತಾ ಸಂಸ್ಥೆ 12,500 ಡಾಲರ್ ದಂಡ ಹಾಕಿತು. ಅಲ್ಲಿಯವರೆಗೆ ಕ್ಯಾಲಿಫೋರ್ನಿಯಾ ಸರ್ಕಾರ ಊರೂರು ತಿರುಗುವ ಜಾತ್ರೆಯ ಆಟಗಳನ್ನಷ್ಟೇ ತಪಾಸಣೆ ಮಾಡುತ್ತಿತ್ತು. ಕಾಯಂ ಪಾರ್ಕುಗಳನ್ನೂ ತಪಾಸಣೆಗೆ ಒಳಪಡಿಸುವ ಕಾನೂನು 1999ರಲ್ಲಿ ಬಂತು.

ಆಸ್ಟ್ರೇಲಿಯಾದ ಡ್ರೀಮ್‌ವರ್ಲ್ಡ್ ಪಾರ್ಕಿನ ಕತೆ ಇನ್ನೂ ಕರುಳು ಹಿಂಡುವಂಥದ್ದು. 2016ರ ಅಕ್ಟೋಬರ್ 25ರಂದು ಅಲ್ಲಿನ ನೀರಾಟದ ಒಂದು ತೆಪ್ಪ, ನೀರಿನ ಮಟ್ಟ ಕುಸಿದದ್ದರಿಂದ ಸಿಕ್ಕಿಕೊಂಡಿದ್ದ ಇನ್ನೊಂದಕ್ಕೆ ಡಿಕ್ಕಿ ಹೊಡೆದು ನಾಲ್ವರು ಸತ್ತರು. ಜನರನ್ನು ಇಳಿಸುವ ಜಾಗದಲ್ಲಿದ್ದ ಯುವತಿ ಆ ಆಟದ ಕೆಲಸ ಕಲಿತದ್ದು ಅಂದೇ ಬೆಳಗ್ಗೆ. ಅವಳ ಹತ್ತಿರವೇ ಒಂದು ತುರ್ತು ಗುಂಡಿಯಿತ್ತು. ಒತ್ತಿದ್ದರೆ ತೆಪ್ಪಗಳನ್ನು ಮೇಲೆಳೆಯುವ ಪಟ್ಟಿ ಎರಡೇ ಸೆಕೆಂಡಿನಲ್ಲಿ ನಿಲ್ಲುತ್ತಿತ್ತು. ಆ ಗುಂಡಿಯ ಕೆಲಸವೇನೆಂದು ಅವಳಿಗೆ ಯಾರೂ ಸರಿಯಾಗಿ ಹೇಳಿಕೊಟ್ಟಿರಲಿಲ್ಲ. 2020ರಲ್ಲಿ ಬಂದ ಮರಣವಿಚಾರಣಾ ವರದಿ ಬೊಟ್ಟು ಮಾಡಿದ್ದು ಸಂಸ್ಥೆಯ ಸುರಕ್ಷತಾ ವ್ಯವಸ್ಥೆಯತ್ತ. ಕಂಪನಿಗೆ 36 ಲಕ್ಷ ಆಸ್ಟ್ರೇಲಿಯನ್ ಡಾಲರ್ ದಂಡ ಬಿತ್ತು.

ಈಗ ನಮ್ಮ ಜಾತ್ರೆಗೆ ಬರೋಣ. ಶಿರಸಿಯ ಮಾರಿಕಾಂಬಾ ಜಾತ್ರೆಯಿರಲಿ, ಮೈಸೂರಿನ ದಸರಾ ವಸ್ತುಪ್ರದರ್ಶನವಿರಲಿ, ಜೈಂಟ್ ವೀಲ್ ಇಲ್ಲದೆ ಮಕ್ಕಳಿಗೆ ಸಮಾಧಾನವಿಲ್ಲ. ಅವಘಡ ಆದಾಗೆಲ್ಲ ಚರ್ಚೆ ಬೋಲ್ಟು, ಬೇರಿಂಗು, ವೆಲ್ಡಿಂಗಿನ ಸುತ್ತಲೇ ನಡೆಯುತ್ತದೆ. 2019ರ ಜುಲೈನಲ್ಲಿ ಅಹಮದಾಬಾದಿನ ಕಾಂಕರಿಯಾದಲ್ಲಿ ತೂಗುವ ಆಟ ಮುರಿದುಬಿದ್ದಾಗಲೂ, 2022ರ ಸೆಪ್ಟೆಂಬರಿನಲ್ಲಿ ಮೊಹಾಲಿಯ ಮೇಳದಲ್ಲಿ ಮೇಲೇರಿದ ಆಟ ಧೊಪ್ಪನೆ ಕುಸಿದಾಗಲೂ ಹಾಗೆಯೇ ಆಯಿತು. ಯಂತ್ರದ ತಪಾಸಣೆ ಬೇಕೇ ಬೇಕು. ಆದರೆ ತೊಟ್ಟಿಲಿನ ಸರಳು ಹಾಕಿ, ಸೀಟಿ ಊದಿ, ಮೋಟಾರು ಬಿಡುವ ಹುಡುಗ ಯಾರು, ಅವನಿಗೆ ಯಾರು ಏನು ಕಲಿಸಿದರು ಎಂದು ಕೇಳುವವರು ಕಡಿಮೆ. ಅವನ ಪಾಠವೆಲ್ಲ ಹಳಬರನ್ನು ನೋಡಿ ಕಲಿತದ್ದು. ಹಳಬರು ತಿರುಗುವ ಚಕ್ರದ ಕಂಬಿ ಹಿಡಿದು ಮೇಲೇರಿದರೆ ಅವನೂ ಏರುತ್ತಾನೆ.

ಕಲಿತರಷ್ಟೇ ಸಾಲದು, ‘ಆಗದು’ ಎನ್ನುವ ಅಧಿಕಾರವೂ ಅವನಿಗೆ ಬೇಕು. ಒಂದು ತೊಟ್ಟಿಲೂ ಖಾಲಿ ಹೋಗಬಾರದೆಂದು ಮಾಲೀಕ ಗದರಿಸುವಾಗ, ಎರಡು ವರ್ಷದ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡ ಅಪ್ಪ ‘ಏನೂ ಆಗಲ್ಲ ಬಿಡಪ್ಪಾ’ ಎನ್ನುವಾಗ, ದಿನಗೂಲಿಯ ಹುಡುಗ ಏನು ಮಾಡಿಯಾನು? ಆಟಕ್ಕೆ ಅನುಮತಿ ಕೊಡುವಾಗ ಯಂತ್ರದ ಪ್ರಮಾಣಪತ್ರದ ಜೊತೆಗೆ ಅದನ್ನು ನಡೆಸುವವರ ಹೆಸರು, ವಯಸ್ಸು, ತರಬೇತಿಯ ವಿವರವನ್ನೂ ತಾಲ್ಲೂಕು ಆಡಳಿತ ಕೇಳಲಿ. ಜಾತ್ರೆ ಶುರುವಾಗುವ ಹಿಂದಿನ ದಿನ, ಖಾಲಿ ತೊಟ್ಟಿಲುಗಳನ್ನು ತಿರುಗಿಸಿ, ತಟ್ಟನೆ ನಿಲ್ಲಿಸಿ ತೋರಿಸು ಎಂದು ಅಧಿಕಾರಿಗಳು ಅವನನ್ನೇ ಕೇಳಲಿ. ಹತ್ತಿರದ ಐಟಿಐಯಲ್ಲಿ ಎರಡು ದಿನದ ಪಾಠ ಏರ್ಪಡಿಸುವುದು ಕೌಶಲ್ಯಾಭಿವೃದ್ಧಿ ಇಲಾಖೆಗೆ ಭಾರವೇನಲ್ಲ.

ಓದುಗರ ಪಾಲಿನದೂ ಒಂದಿದೆ. ಮುಂದಿನ ಜಾತ್ರೆಯಲ್ಲಿ ಆ ಹುಡುಗ ‘ಮಗೂನ ಹತ್ತಿಸಬೇಡಿ ಅಣ್ಣಾ’ ಎಂದರೆ, ದಯವಿಟ್ಟು ವಾದಕ್ಕೆ ನಿಲ್ಲದೆ ಮಗುವನ್ನು ಇಳಿಸಿಕೊಳ್ಳಿ.